ಲಾರಿ ಮಾಲೀಕರು ಬುಕಿಂಗ್ ಆಫೀಸ್ ತೆರೆಯುವ ಮುಂಚೆ

ಎರಡು ಮೂರು ಲಾರಿ ಇಟ್ಟುಕೊಂಡವರ ಲೆಕ್ಕ ಬರೆದು ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ದಾವಣಗೆರೆ, ರಾಣೆಬೆನ್ನೂರಿನ ಮೆಕ್ಕೆಜೋಳ ಹೊತ್ತು ಲಾರಿಗಳು ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಹೊರಡುವ ಸೀಸನ್ ಬಂತೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಸಾರ್, ಬ್ರೋಕರ್ ಕೂತಲ್ಲೇ ಲೋಡಿಗೆ ಎರಡು ಮೂರು ಸಾವಿರ ಎಣಿಸ್ಕೊಳ್ತಾನೆ. ಡೀಸೆಲ್ ನಂದು, ಟೈರ್ ನಂದು, ಇಎಂಐ ನಂದು. ನಾನೇ ಒಂದು ಆಫೀಸ್ ಹಾಕಿದ್ರೆ?"

ಹಾಕಬಹುದು, ಲೋಡಿಗೆ ಲಾರಿ ಗೊತ್ತುಮಾಡಿ ಕೊಡುವ ಬುಕಿಂಗ್ ಆಫೀಸನ್ನು. ಲಾರಿ ಓಡಿಸಿದವನಿಗೆ ಈ ಧಂದೆಯಲ್ಲಿ ಒಂದು ಅನುಕೂಲವೂ ಇದೆ. ಯಾವ ರೂಟಿಗೆ ಎಷ್ಟು ಡೀಸೆಲ್ ಬೇಕು, ಯಾವ ಗೋಡೌನ್‌ನಲ್ಲಿ ಅನ್‌ಲೋಡ್‌ಗೆ ಎರಡು ದಿನ ಕಾಯಿಸುತ್ತಾರೆ, ಹಮಾಲಿ ಯಾರ ತಲೆಗೆ ಬರುತ್ತದೆ, ಎಲ್ಲಾ ಗೊತ್ತಿರುತ್ತದೆ. ಬರೀ ಫೋನ್ ಹಿಡಿದು ಕೂತವನಿಗೆ ಅದು ಗೊತ್ತಿರುವುದಿಲ್ಲ. ಆದರೆ ಆ ಎರಡು ಮೂರು ಸಾವಿರ ಸುಮ್ನೆ ಬರುವ ದುಡ್ಡಲ್ಲ. ಅದು ಯಾವುದರ ಬೆಲೆ ಅಂತ ಮೊದಲು ನೋಡಬೇಕು.

ನಾನು ಕೇಳುವ ಮೊದಲ ಪ್ರಶ್ನೆ: ಎಲ್‌ಆರ್, ಅಂದರೆ ಮಾಲು ಒಪ್ಪಿಕೊಂಡದ್ದಕ್ಕೆ ಬರೆದುಕೊಡುವ ಲಾರಿ ರಸೀದಿ, ಯಾರ ಹೆಸರಲ್ಲಿ? ಲೋಡ್ ತೋರಿಸಿ, ಲಾರಿ ಕೊಡಿಸಿ, ಕಮಿಷನ್ ತಗೊಂಡು ಪಕ್ಕಕ್ಕೆ ಸರಿಯುವುದು ಒಂದು ದಾರಿ. ಪಾರ್ಟಿಯ, ಅಂದರೆ ಮಾಲು ಕಳಿಸುವ ವ್ಯಾಪಾರಿಯ ಜೊತೆ ತಾನೇ ಬಾಡಿಗೆ ಮಾತಾಡಿ, ತನ್ನ ಹೆಸರಿನ ಲಾರಿ ರಸೀದಿ ಬರೆದು, ಹೊರಗಿನ ಲಾರಿಗೆ ಕಮ್ಮಿ ಬಾಡಿಗೆಗೆ ಲೋಡ್ ಕೊಡುವುದು ಇನ್ನೊಂದು. ದುಡ್ಡು ಜಾಸ್ತಿ ಇರುವುದು ಎರಡನೆಯದರಲ್ಲಿ. ಆದರೆ ಆ ರಸೀದಿ ಹರಿದುಕೊಟ್ಟ ಕ್ಷಣದಿಂದ ಮಾಲಿಗೆ ನೀವೇ ಹೊಣೆ. ಲಾರಿ ಬೇರೆಯವರದು, ಡ್ರೈವರ್ ಬೇರೆಯವರ ಕಡೆಯವನು ಅನ್ನುವ ಮಾತು ಪಾರ್ಟಿಯ ಮುಂದೆ ನಡೆಯುವುದಿಲ್ಲ.

2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸಾಗಣೆದಾರ ಅನ್ನುವ ಪಟ್ಟಿಗೆ ಅದು ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರನ್ನೂ ಸೇರಿಸಿದೆ. ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು, ಒಮ್ಮೆ ಆದರೆ 10 ವರ್ಷ ನಡೆಯುತ್ತದೆ. ನಮ್ಮಲ್ಲಿ ಎಷ್ಟೋ ಆಫೀಸುಗಳು ಬೋರ್ಡ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ ನಡೆಯುತ್ತಿವೆ, ಅದು ಬೇರೆ ಮಾತು. ಮಾಲು ಹೋದಾಗ ಮಾತ್ರ ಎಲ್ಲರಿಗೂ ಕಾಯ್ದೆ ನೆನಪಾಗುತ್ತದೆ.

ಮಾಲು ಹೋದರೆ ಏನಾಗುತ್ತದೆ ನೋಡಿ. ಪಾರ್ಟಿ ಮಾಲಿನ ಬೆಲೆಯನ್ನು ಮೊದಲೇ ಬರೆಸಿ ಹೆಚ್ಚಿನ ರಿಸ್ಕ್ ಚಾರ್ಜ್ ಕೊಟ್ಟಿಲ್ಲದಿದ್ದರೆ, ನಿಮ್ಮ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ 42,000 ಅಂತಿಟ್ಟುಕೊಳ್ಳಿ, ಹತ್ತು ಪಟ್ಟು ಅಂದರೆ 4.2 ಲಕ್ಷ. 25 ಟನ್ ಮೆಕ್ಕೆಜೋಳ, 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400ರಂತೆ ಹಿಡಿದರೆ 6 ಲಕ್ಷದ ಮಾಲು. ನಿಮಗೆ ಉಳಿಯುತ್ತಿದ್ದದ್ದು 3,000. ಪಾರ್ಟಿ ಇನ್ಶೂರೆನ್ಸ್ ಮಾಡಿಸಿದ್ದಾರೆ, ನಮಗೇನು ಅಂತ ಕೆಲವರು ನಿಶ್ಚಿಂತೆಯಿಂದ ಇರುತ್ತಾರೆ. ವಿಮಾ ಕಂಪನಿ ಪಾರ್ಟಿಗೆ ಹಣ ಕೊಟ್ಟು, ಅವರ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡು, ಆಮೇಲೆ ನಿಮಗೆ ನೋಟಿಸ್ ಕಳಿಸುತ್ತದೆ. ಬುಕಿಂಗ್ ದಿನದಿಂದ 180 ದಿನದೊಳಗೆ ಬಂದ ನೋಟಿಸ್‌ಗೆ ನೀವು ಉತ್ತರ ಕೊಡಲೇಬೇಕು. ನಿಮ್ಮ ಕಡೆಯ ತಪ್ಪನ್ನು ಅವರು ಸಾಬೀತು ಮಾಡಬೇಕಿಲ್ಲ ಅನ್ನುವುದು ಇಲ್ಲಿನ ಕಷ್ಟ. ಸಾಗಣೆದಾರರ ಹೊಣೆಗೇ ಪ್ರತ್ಯೇಕ ಪಾಲಿಸಿ ಸಿಗುತ್ತದೆ. ಎಲ್‌ಆರ್ ಪುಸ್ತಕ ಪ್ರಿಂಟ್ ಮಾಡಿಸುವ ಮುಂಚೆ ಅದನ್ನು ವಿಚಾರಿಸಿ.

ಅದಕ್ಕೇ ಹೊರಗಿನ ಲಾರಿಯನ್ನು ಗೊತ್ತುಮಾಡುವಾಗ ಕಾಗದಪತ್ರ ಪರೀಕ್ಷಿಸಲು ಸಂಕೋಚ ಬೇಡ. ಕೊಬ್ಬರಿ, ಅಡಿಕೆಯಂಥ ದುಬಾರಿ ಲೋಡಿನಲ್ಲಿ ಮೋಸ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ವಾಟ್ಸ್ಯಾಪ್‌ನಲ್ಲಿ ಓಡಾಡುವ ಯಾರದ್ದೋ ಆರ್‌ಸಿ ಫೋಟೋ, ಅದೇ ನಂಬರ್ ಬರೆದ ಬೇರೆ ಲಾರಿ, ಮಧ್ಯದಲ್ಲಿ ಸ್ವಿಚ್ ಆಫ್ ಆಗುವ ಫೋನ್. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಫಿಟ್‌ನೆಸ್, ಇನ್ಶೂರೆನ್ಸ್ ನೋಡಿದರೆ ಸಾಲದು. ಗಾಡಿ ಎದುರಿಗೆ ನಿಂತಿದೆಯಲ್ಲ, ಫ್ರೇಮ್ ಮೇಲಿನ ಚಾಸಿಸ್ ನಂಬರನ್ನು ಟಾರ್ಚ್ ಹಾಕಿ ಓದಿ ಮೂಲ ಆರ್‌ಸಿ ಜೊತೆ ಹೋಲಿಸಿ. ಅಡ್ವಾನ್ಸ್ ಹಾಕುವ ಬ್ಯಾಂಕ್ ಖಾತೆ ಆರ್‌ಸಿಯಲ್ಲಿರುವ ಮಾಲೀಕರ ಹೆಸರಿನದ್ದೇ ಆಗಿರಲಿ. "ತಮ್ಮನ ಅಕೌಂಟಿಗೆ ಹಾಕಿ ಅಣ್ಣ" ಅಂದರೆ ಅಲ್ಲೇ ನಿಲ್ಲಿಸಿ. ನಿಜವಾದ ಮಾಲೀಕ ಸ್ವಲ್ಪ ಬೇಜಾರಾದಾನು, ಬಿಟ್ಟುಹೋಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಹೊಸ ಆಫೀಸುಗಳು ಮುಚ್ಚುವುದು ಹೆಚ್ಚಾಗಿ ಇಲ್ಲೇ. ಪಾರ್ಟಿಯಿಂದ 42,000, ಲಾರಿಗೆ 39,000. ಲೋಡ್ ಆದ ದಿನವೇ ಲಾರಿಯವನು 90 ಪರ್ಸೆಂಟ್ ಅಡ್ವಾನ್ಸ್ ಕೇಳುತ್ತಾನೆ. ಮಾಲು ಮುಟ್ಟಿದ ಸಹಿ ಇರುವ ಎಲ್‌ಆರ್ ಕಾಪಿ ಬಂದ ಮೇಲೆ ಉಳಿದದ್ದು. ಪಾರ್ಟಿ ಮಾತ್ರ ಆ ಕಾಪಿ ಸೇರಿಸಿ ಬಿಲ್ ಹಾಕಿದ ಮೇಲೆ ಒಂದೂವರೆ ತಿಂಗಳಿಗೆ ಕೊಡುತ್ತಾನೆ ಅನ್ನಿ. ತಿಂಗಳಿಗೆ 20 ಲೋಡ್ ಕಳಿಸಿದರೆ ನಿಮಗೆ ಕಾಣುವ ಲಾಭ 60,000. ಆದರೆ ಯಾವ ಹೊತ್ತಿಗೆ ನೋಡಿದರೂ ಒಂದೂವರೆ ತಿಂಗಳ ಲಾರಿ ಬಾಡಿಗೆ, ಅಂದರೆ ನಿಮ್ಮ ಸುಮಾರು 11.7 ಲಕ್ಷ ರೋಡಿನ ಮೇಲೆ ಇರುತ್ತದೆ. ಅದನ್ನು ತಿಂಗಳಿಗೆ ಎರಡು ಪರ್ಸೆಂಟ್ ಬಡ್ಡಿಗೆ ಕೈಗಡ ತಂದಿದ್ದರೆ 23,400 ಬಡ್ಡಿಗೇ ಹೋಯಿತು. ಆಫೀಸ್ ಬಾಡಿಗೆ, ಹುಡುಗನ ಸಂಬಳ ಕಳೆದರೆ ಏನುಳಿಯಿತು? ಅದರ ಮೇಲೆ ಒಬ್ಬ ಪಾರ್ಟಿ "ಮೂಟೆ ಒದ್ದೆಯಾಗಿತ್ತು" ಅಂತ ಒಂದು ಲೋಡಿನ ಬಾಡಿಗೆ ಮುರಿದುಕೊಂಡರೆ ಆ ತಿಂಗಳ ಕಥೆ ಮುಗೀತು. ಲಾಭ ಎಷ್ಟು ಅಂತ ಕೇಳುವ ಮುಂಚೆ ಬಂಡವಾಳ ಎಷ್ಟು ದಿನ ಹೊರಗಿರುತ್ತದೆ ಅಂತ ಕೇಳಬೇಕು.

ಇದೇ ಲೆಕ್ಕ ವರ್ಷಪೂರ್ತಿ ನಡೆದರೆ ವಹಿವಾಟು ಒಂದು ಕೋಟಿ ದಾಟುತ್ತದೆ. "ನಂದು ಬರೀ ಮೂರು ಸಾವಿರದ ವ್ಯಾಪಾರ ಸಾರ್" ಅನ್ನುವವರು ಇಲ್ಲಿ ಬೆಚ್ಚಿಬೀಳುತ್ತಾರೆ. ನಿಮ್ಮ ಹೆಸರಲ್ಲಿ ಬಿಲ್ ಆದರೆ ಪೂರ್ತಿ 42,000 ನಿಮ್ಮ ವಹಿವಾಟೇ. ಒಂದು ಕೋಟಿ ದಾಟಿ, ನಗದು ವ್ಯವಹಾರ ಐದು ಪರ್ಸೆಂಟ್ ಮೀರಿದರೆ ಆಡಿಟ್ ಬರುತ್ತದೆ. ಮುಂದಿನ ವರ್ಷದಿಂದ ಲಾರಿಯವರಿಗೆ ಕೊಡುವಾಗ ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ನೋಡುವ ಹೊಣೆಯೂ ನಿಮ್ಮದಾಗುತ್ತದೆ. ವರ್ಷದ ಯಾವ ದಿನವೂ ಹತ್ತಕ್ಕಿಂತ ಹೆಚ್ಚು ಗೂಡ್ಸ್ ಗಾಡಿ ಇಲ್ಲದ ಮಾಲೀಕರು ಪಾನ್ ನಂಬರ್ ಜೊತೆ ಡಿಕ್ಲರೇಷನ್ ಕೊಟ್ಟರೆ ಟಿಡಿಎಸ್ ಹಿಡಿಯಬೇಕಿಲ್ಲ. ಆ ಕಾಗದವನ್ನು ಲೋಡ್ ದಿನವೇ ತಗೊಳ್ಳಿ, ಮಾರ್ಚ್‌ನಲ್ಲಿ ಹುಡುಕಿದರೆ ಯಾರೂ ಸಿಗುವುದಿಲ್ಲ. ಅದೇ ಡಿಕ್ಲರೇಷನ್ ನೀವೂ ಪಾರ್ಟಿಗೆ ಕೊಡಬೇಕು. ಇಲ್ಲದಿದ್ದರೆ ಒಂದು ಪರ್ಸೆಂಟ್ ಅಂದರೆ 420 ರೂಪಾಯಿ, ನಿಮ್ಮ ಮೂರು ಸಾವಿರದಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ. ಒಬ್ಬ ಲಾರಿಯವನಿಗೆ ಒಂದೇ ದಿನ 35,000 ದಾಟಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ನಿಮ್ಮ ಸ್ವಂತ ಲಾರಿಗಳಿಗೆ ಟನ್ ಲೆಕ್ಕದಲ್ಲಿ ಅಂದಾಜು ಆದಾಯ ತೋರಿಸುವ ಸೌಲಭ್ಯ ಇದೆಯಲ್ಲ, ಹೊರಗಿನ ಲಾರಿಯಿಂದ ಬಂದ ಗಳಿಕೆ ಅದರೊಳಗೆ ಸೇರುವುದಿಲ್ಲ. ಅದಕ್ಕೆ ಬೇರೆ ಪುಸ್ತಕ.

ಜಿಎಸ್‌ಟಿ ಬಗ್ಗೆ ಭಯ ಜಾಸ್ತಿ, ವಿಷಯ ಅಷ್ಟಿಲ್ಲ. ಎಲ್‌ಆರ್ ಕೊಡುವವರು ಕಾನೂನಿನ ಲೆಕ್ಕದಲ್ಲಿ ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ. ಮೆಕ್ಕೆಜೋಳದಂಥ ಕೃಷಿ ಉತ್ಪನ್ನದ ಬಾಡಿಗೆಗೆ ತೆರಿಗೆ ಇಲ್ಲ. ಸಿಮೆಂಟ್, ಕಬ್ಬಿಣ ಅಂದರೆ ನೋಂದಾಯಿತ ಪಾರ್ಟಿ ತಾನೇ ಐದು ಪರ್ಸೆಂಟ್ ಕಟ್ಟಿಕೊಳ್ಳುತ್ತಾನೆ. ನೀವು ಹೊರಗಿನ ಲಾರಿಗೆ ಕೊಡುವ ಬಾಡಿಗೆಗೂ ತೆರಿಗೆ ಇಲ್ಲ. ಬರೀ ಕಮಿಷನ್ ಏಜೆಂಟ್ ಆದರೆ ವರ್ಷದ ಕಮಿಷನ್ 20 ಲಕ್ಷ ದಾಟಿದ ಮೇಲೆ ಅದರ ಮೇಲೆ 18 ಪರ್ಸೆಂಟ್. ನಾಮಕ್ಕಲ್‌ನಿಂದ ಖಾಲಿ ಬರುವ ಬದಲು ಸೇಲಂನಲ್ಲಿ ಕಬ್ಬಿಣ ಹತ್ತಿಸಿದರೆ ಇ-ವೇ ಬಿಲ್, ಅಂದರೆ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ, ನೋಡಿಕೊಳ್ಳಿ. 200 ಕಿ.ಮೀ.ಗೆ ಒಂದು ದಿನದ ಅವಧಿ. ದಾರಿಯಲ್ಲಿ ಕೆಟ್ಟು ಬೇರೆ ಗಾಡಿಗೆ ಮಾಲು ಬದಲಾಯಿಸಿದರೆ ಅದರ ನಂಬರ್ ಹಾಕದೆ ಹೊರಡಬೇಡಿ.

ಇನ್ನೊಂದು ತೊಡಕು ಕಾನೂನಿನದ್ದಲ್ಲ. ನಿಮ್ಮದೇ ಲಾರಿ ಇದ್ದಾಗ ಒಳ್ಳೆ ಬಾಡಿಗೆಯ ಲೋಡ್ ನಿಮ್ಮ ಗಾಡಿಗೆ, ಕಾಯಿಸುವ ಗೋಡೌನ್‌ನ ಲೋಡ್ ಹೊರಗಿನವರಿಗೆ ಅಂತ ಆಗುವುದು ಸಹಜ. ಲಾರಿಯವರಿಗೆ ಇದು ತಿಂಗಳೊಳಗೆ ಗೊತ್ತಾಗುತ್ತದೆ, ಡಾಬಾದಲ್ಲಿ ಮಾತಾಡಿಕೊಳ್ಳುತ್ತಾರೆ. ಸೀಸನ್ ಜೋರಾದಾಗ ನಿಮ್ಮ ಫೋನ್ ಎತ್ತುವುದಿಲ್ಲ. ಮೊದಲು ಬಂದ ಗಾಡಿಗೆ ಮೊದಲ ಲೋಡ್ ಅಂತ ಸರದಿ ಇಡಿ, ಕಾಯಿಸಿದ ದಿನಗಳ ಹಾಲ್ಟಿಂಗ್ ದುಡ್ಡನ್ನು ಪಾರ್ಟಿಯಿಂದ ವಸೂಲಿ ಮಾಡಿ ಲಾರಿಯವನಿಗೆ ಪೂರ್ತಿ ಕೊಡಿ.

ಶುರುವಿಗೆ ಒಂದೇ ರೂಟ್, ಒಬ್ಬಿಬ್ಬರು ಪಾರ್ಟಿ ಸಾಕು. ಜೊತೆಗೆ ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಫೀಸ್ ಇಲ್ಲ. ಸಣ್ಣ ಉದ್ದಿಮೆಯ ಬಿಲ್ಲನ್ನು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ತೀರಿಸಬೇಕು. ತಡ ಮಾಡಿದ ಬಾಕಿಯನ್ನು ಪಾವತಿಯಾಗುವ ತನಕ ಪಾರ್ಟಿ ತನ್ನ ಖರ್ಚಾಗಿ ತೋರಿಸುವಂತಿಲ್ಲ. ಉದ್ಯಮ್ ನಂಬರನ್ನು ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ. ಮಾರ್ಚ್ ಕೊನೆಯ ವಾರದಲ್ಲಿ ಪಾರ್ಟಿಯ ಆಡಿಟರೇ ಅವರಿಗೆ ಫೋನ್ ಮಾಡಿ ನಿಮ್ಮ ಬಾಕಿ ಕೊಡಿಸುತ್ತಾರೆ.