ಅಳಿಯನೂ ಅವನೇ, ಮಲಮಗನೂ ಅವನೇ: ಬ್ರಿಯಾನ್ ಬೊರುವಿನ ಮನೆಯ ಕಥೆ

ಪ್ರಶ್ನೆ: ಬ್ರಿಯಾನ್ ಬೊರು ವೈಕಿಂಗರನ್ನು ಐರ್ಲೆಂಡಿನಿಂದ ಓಡಿಸಿದ ರಾಜ ಎಂದು ಓದಿದ್ದೇನೆ. ಆದರೆ ತನ್ನ ಮಗಳನ್ನೇ ಡಬ್ಲಿನ್ನಿನ ವೈಕಿಂಗ್ ರಾಜನಿಗೆ ಕೊಟ್ಟಿದ್ದ ಅಂತಲೂ ಬರೆಯುತ್ತಾರೆ. ಎರಡೂ ಹೇಗೆ ನಿಜವಾಗುತ್ತದೆ?

ಉತ್ತರ: ಮಗಳನ್ನು ಕೊಟ್ಟದ್ದು ನಿಜ. ಓಡಿಸಿದ್ದು ನಿಜವಲ್ಲ. 1014ರಲ್ಲಿ ಡಬ್ಲಿನ್ ಪಕ್ಕದ ಕ್ಲೊಂಟಾರ್ಫ್‌ನಲ್ಲಿ ನಡೆದ ಯುದ್ಧದಲ್ಲಿ ಬ್ರಿಯಾನ್ ಸತ್ತ. ಅವನ ಎದುರಾಳಿ, ಡಬ್ಲಿನ್ನಿನ ಸಿಟ್ರಿಕ್, ಅದಾದ ಮೇಲೂ 1036ರವರೆಗೆ ಅದೇ ಪಟ್ಟಣವನ್ನು ಆಳಿದ. ಈ ಸಿಟ್ರಿಕ್ ಬ್ರಿಯಾನನಿಗೆ ಅಳಿಯ. ಮಲಮಗನೂ ಹೌದು. ಈ ಕಥೆಯನ್ನು ಎರಡು ಜನಾಂಗಗಳ ಯುದ್ಧ ಎಂದು ಓದಿದರೆ ತಲೆ ತಿರುಗುತ್ತದೆ. ಬೀಗರ ಜಗಳ ಎಂದು ಓದಿ ನೋಡಿ, ಬಹಳಷ್ಟು ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಬ್ರಿಯಾನ್ ದೊಡ್ಡ ಮನೆತನದಲ್ಲಿ ಹುಟ್ಟಿದವನಲ್ಲ. ಶಾನನ್ ನದಿಯ ದಡದಲ್ಲಿ, ಇಂದಿನ ಕಿಲಲೋ ಊರಿನ ಸುತ್ತ, ಡಾಲ್ ಕಾಶ್ ಎಂಬ ಸಣ್ಣ ಬುಡಕಟ್ಟು ಇತ್ತು. ಅದರ ದೊರೆ ಕೆನೆಡಿಗ್‌ನ ಮಗ ಇವನು. ಹುಟ್ಟಿದ್ದು 941ರ ಸುಮಾರಿಗೆ. ಮೊದಲು ಮೇಲೆ ಬಂದವನು ಅಣ್ಣ ಮಾಹೋನ್. ಅವನು ಮನ್‌ಸ್ಟರ್ ಪ್ರಾಂತ್ಯದ ರಾಜಪೀಠ ಕ್ಯಾಶೆಲ್ ಅನ್ನು ಹಿಡಿದ. ಲಿಮರಿಕ್‌ನ ವೈಕಿಂಗರನ್ನೂ ಸೋಲಿಸಿದ. 976ರಲ್ಲಿ ಅವನನ್ನು ಸೆರೆಹಿಡಿದು ಕೊಂದರು. ಕೊಲ್ಲಿಸಿದವನು ಮನ್‌ಸ್ಟರ್‌ನವನೇ ಆದ ಮೈಲ್ ಮುವಾ ಎಂಬ ಐರಿಷ್ ದೊರೆ. ಎರಡೇ ವರ್ಷದಲ್ಲಿ ಬ್ರಿಯಾನ್ ಅವನನ್ನು ಯುದ್ಧದಲ್ಲಿ ಕೊಂದು ಸೇಡು ತೀರಿಸಿಕೊಂಡ.

ನನಗೆ ಮುಖ್ಯ ಅನಿಸುವುದು ಆಮೇಲೆ ನಡೆದದ್ದು. ಅಣ್ಣನನ್ನು ಕೊಲ್ಲಿಸಿದವನ ಮಗ ಕಿಯನ್‌ಗೆ ಬ್ರಿಯಾನ್ ತನ್ನ ಮಗಳು ಸೈವ್‌ಳನ್ನು ಕೊಟ್ಟು ಮದುವೆ ಮಾಡಿದ. ಮೊದಲು ಸೋಲಿಸುವುದು, ಆಮೇಲೆ ಹೆಣ್ಣು ಕೊಟ್ಟು ನಂಟು ಕಟ್ಟುವುದು. ಅವನ ಆಳ್ವಿಕೆಯ ದಾರಿಯೇ ಇದು.

999ರ ಕೊನೆಯಲ್ಲಿ ಪೂರ್ವದ ಐರಿಷ್ ಪ್ರಾಂತ್ಯ ಲೆನ್‌ಸ್ಟರ್ ಮತ್ತು ವೈಕಿಂಗರ ಡಬ್ಲಿನ್ ಸೇರಿಕೊಂಡು ಅವನ ವಿರುದ್ಧ ಎದ್ದವು. ಗ್ಲೆನ್‌ಮಾಮ ಎಂಬಲ್ಲಿ ಬ್ರಿಯಾನ್ ಗೆದ್ದು, ಡಬ್ಲಿನ್ನನ್ನು ಸೂರೆ ಮಾಡಿದ. ಸಿಟ್ರಿಕ್ ಶರಣು ಬಂದ. ಬ್ರಿಯಾನ್ ಅವನ ಪಟ್ಟಣವನ್ನು ಅವನಿಗೇ ಬಿಟ್ಟುಕೊಟ್ಟು, ಮಗಳು ಸ್ಲಾನ್ಯಾಳನ್ನೂ ಕೊಟ್ಟ. ಯಾಕೆ ಓಡಿಸಲಿಲ್ಲ? ಡಬ್ಲಿನ್ ಅಂದರೆ ಹಡಗು, ಬೆಳ್ಳಿ, ವ್ಯಾಪಾರ. ಐರ್ಲೆಂಡಿನಲ್ಲಿ ಮೊದಲ ನಾಣ್ಯ ಹೊಡೆಸಿದವನೇ ಈ ಸಿಟ್ರಿಕ್. ಅಂಥ ಪಟ್ಟಣವನ್ನು ಖಾಲಿ ಮಾಡಿಸಿದರೆ ಗೆದ್ದವನಿಗೇ ನಷ್ಟ, ಅಲ್ವಾ?

ಇಲ್ಲಿ ಗೋರ್ಮ್ಲಾ ಬರುತ್ತಾಳೆ. ಅವಳು ಲೆನ್‌ಸ್ಟರ್ ದೊರೆಯ ಮಗಳು. ಡಬ್ಲಿನ್ನಿನ ರಾಜ ಓಲಾಫ್‌ನ ಹೆಂಡತಿಯಾಗಿ ಸಿಟ್ರಿಕ್‌ನನ್ನು ಹೆತ್ತಳು. ಬ್ರಿಯಾನನಿಗೂ ಹೆಂಡತಿಯಾಗಿ ಡೊನಾಹನನ್ನು ಹೆತ್ತಳು. ಐರಿಷ್ ಕಾನೂನಿನಲ್ಲಿ ರಾಜರಿಗೆ ಒಂದಕ್ಕಿಂತ ಜಾಸ್ತಿ ಮದುವೆಗೂ ಅವಕಾಶವಿತ್ತು, ಮದುವೆ ಮುರಿಯುವುದಕ್ಕೂ ಅವಕಾಶವಿತ್ತು. ಹಾಗಾಗಿ ಹೆಂಡತಿಯ ಮಗ ಸಿಟ್ರಿಕ್ ಬ್ರಿಯಾನನಿಗೆ ಅಳಿಯನಾದ. ಗೋರ್ಮ್ಲಾಳ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮೈಲ್ ಮೋರ್ಡಾ, ಅಂದರೆ ಬ್ರಿಯಾನನ ಭಾವಮೈದುನ, ಲೆನ್‌ಸ್ಟರ್‌ನ ರಾಜನಾದ.

1002ರಲ್ಲಿ, ಅಲ್ಲಿಯವರೆಗೆ ಹಿರಿಯ ರಾಜನಾಗಿದ್ದ, ಅಂದರೆ ಉಳಿದ ರಾಜರಿಗೆಲ್ಲ ಮೇಲಿನವನಾಗಿದ್ದ ಮ್ಯಾಲಕಿಯೂ ತಲೆಬಾಗಿದ. ಬ್ರಿಯಾನ್ ಇಡೀ ಐರ್ಲೆಂಡಿಗೆ ಹಿರಿಯ ರಾಜನಾದ. 1005ರಲ್ಲಿ ಆರ್ಮಾ ಮಠಕ್ಕೆ ಹೋಗಿ 20 ಔನ್ಸ್ ಚಿನ್ನವನ್ನು ಪೀಠದ ಮೇಲಿಟ್ಟ. ಅಲ್ಲಿನ ಪವಿತ್ರ ಹಸ್ತಪ್ರತಿಯಲ್ಲಿ ಅವನ ಪಾದ್ರಿ ಲ್ಯಾಟಿನ್‌ನಲ್ಲಿ ಅವನನ್ನು ‘ಐರಿಷರ ಚಕ್ರವರ್ತಿ’ ಎಂದು ಬರೆದ. ಆ ಹಾಳೆ ಇಂದಿಗೂ ಉಳಿದಿದೆ.

ಹಾಗಾದರೆ ನಂಟು ಕೆಟ್ಟದ್ದು ಎಲ್ಲಿ? ಇದಕ್ಕೆ ಒಂದು ಹಳೆಯ ಕಥೆಯಿದೆ. ಮೈಲ್ ಮೋರ್ಡಾ ಹಡಗಿನ ಕಂಬಕ್ಕೆಂದು ಮರದ ದಿಮ್ಮಿಗಳನ್ನು ತಂದು ಬ್ರಿಯಾನನ ಕಿಂಕೋರಾ ಕೋಟೆಗೆ ಬಂದನಂತೆ. ಬ್ರಿಯಾನ್ ಕೊಟ್ಟಿದ್ದ ರೇಷ್ಮೆ ಅಂಗಿಯ ಬೆಳ್ಳಿ ಗುಂಡಿ ದಾರಿಯಲ್ಲಿ ಕಿತ್ತುಬಂದಿತ್ತು. ಹೊಲಿದುಕೊಡು ಎಂದು ಗೋರ್ಮ್ಲಾಳನ್ನು ಕೇಳಿದ. ಅವಳು ಅಂಗಿಯನ್ನೇ ಬೆಂಕಿಗೆ ಎಸೆದಳು. ನಮ್ಮಪ್ಪ ಯಾರಿಗೂ ಆಳಾಗಿರಲಿಲ್ಲ, ನೀನು ಯಾಕಾದೆ ಎಂದು ಬೈದಳು. ಮರುದಿನ ಬ್ರಿಯಾನನ ಮಗ ಮುರ್ಚಾ ಚದುರಂಗದಂಥ ಆಟ ಆಡುತ್ತಿದ್ದ. ಮೈಲ್ ಮೋರ್ಡಾ ಎದುರಾಳಿಗೆ ಒಂದು ನಡೆ ಹೇಳಿಕೊಟ್ಟ, ಮುರ್ಚಾ ಸೋತ. ‘ಗ್ಲೆನ್‌ಮಾಮದಲ್ಲಿ ವೈಕಿಂಗರು ಸೋತದ್ದೂ ನಿನ್ನ ಸಲಹೆಯಿಂದಲೇ’ ಎಂದು ಮುರ್ಚಾ ಚುಚ್ಚಿದ. ‘ಈ ಸಲ ಸೋಲದ ಹಾಗೆ ಸಲಹೆ ಕೊಡುತ್ತೇನೆ’ ಎಂದ ಇವನು. ‘ಹಾಗಾದರೆ ಯೂ ಮರ ರೆಡಿ ಮಾಡಿಕೋ’ ಎಂದ ಮುರ್ಚಾ. ಹಿಂದಿನ ಯುದ್ಧದಲ್ಲಿ ಮೈಲ್ ಮೋರ್ಡಾ ಯೂ ಮರದಲ್ಲಿ ಅಡಗಿ ಕೂತು ಸಿಕ್ಕಿಬಿದ್ದಿದ್ದ. ಆ ಮಾತು ಕೇಳಿದವನು ಹೇಳದೆ ಕೇಳದೆ ಹೊರಟುಹೋದ.

ಒಂದೊಂದು ಮಾತೂ ಹೀಗೇ ನಡೆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಕಪ್ಪ ಹೊರುವ ಅವಮಾನ ಲೆನ್‌ಸ್ಟರ್‌ಗೆ ಎಷ್ಟು ಉರಿಯುತ್ತಿತ್ತು ಎಂಬುದು ಈ ಅಂಗಿಯ ಗುಂಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ದಂಗೆ ಶುರುವಾದದ್ದು ಲೆನ್‌ಸ್ಟರ್‌ನಲ್ಲಿ, ಒಬ್ಬ ಐರಿಷ್ ರಾಜನಿಂದ. ಸಿಟ್ರಿಕ್ ಅವನ ಜೊತೆ ನಿಂತ. ಓರ್ಕ್ನಿ ದ್ವೀಪಗಳ ದೊರೆ ಸಿಗುರ್ಡ್‌ನನ್ನೂ ಮ್ಯಾನ್ ದ್ವೀಪದ ಬ್ರೋದಿರ್‌ನನ್ನೂ ನೆರವಿಗೆ ಕರೆಸಿದ. ಬ್ರಿಯಾನನ ಕಡೆಯೂ ಸ್ಕಾಟ್ಲೆಂಡಿನ ಒಬ್ಬ ನಾಯಕ ಬಂದಿದ್ದ.

1014ರ ಏಪ್ರಿಲ್ 23, ಶುಭ ಶುಕ್ರವಾರ. ಬ್ರಿಯಾನನಿಗೆ ಎಪ್ಪತ್ತು ದಾಟಿತ್ತು. ಕ್ಲೊಂಟಾರ್ಫ್‌ನಲ್ಲಿ ದಿನವಿಡೀ ಕಾದಾಟ ನಡೆಯಿತು. ಸಿಟ್ರಿಕ್ ಕಣಕ್ಕೆ ಇಳಿಯಲೇ ಇಲ್ಲ. ಅವನೂ ಹೆಂಡತಿ ಸ್ಲಾನ್ಯಾಳೂ ಡಬ್ಲಿನ್ನಿನ ಕೋಟೆಯ ಮೇಲೆ ನಿಂತು ನೋಡುತ್ತಿದ್ದರಂತೆ. ಒಂದು ಕಡೆ ಅವಳ ಅಪ್ಪ, ಅಣ್ಣ. ಇನ್ನೊಂದು ಕಡೆ ಗಂಡನ ಸೈನ್ಯ. ವೈಕಿಂಗರು ಸಮುದ್ರದ ಕಡೆ ಓಡತೊಡಗಿದಾಗ ‘ಅವರು ತಮ್ಮ ಪಿತ್ರಾರ್ಜಿತಕ್ಕೆ ಹೊರಟ ಹಾಗಿದೆ’ ಎಂದಳಂತೆ, ಅಂದರೆ ಸಮುದ್ರಕ್ಕೆ. ಸಿಟ್ರಿಕ್ ಅವಳ ಹಲ್ಲು ಉದುರುವ ಹಾಗೆ ಹೊಡೆದನಂತೆ. ಈ ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ಆ ಗೋಡೆಯ ಮೇಲಿನ ಹೆಣ್ಣುಮಗಳು.

ಆ ಸಂಜೆ ಗೆದ್ದವರ ಮನೆಯಲ್ಲೂ ಹೆಣಗಳೇ. ಬ್ರಿಯಾನನನ್ನು ಬ್ರೋದಿರ್ ಕೊಂದ. ಮುರ್ಚಾ ಸತ್ತ. ಮುರ್ಚಾನ 15 ವರ್ಷದ ಮಗ ಟರ್ಲೋ ಉಬ್ಬರದ ನೀರಲ್ಲಿ ಮುಳುಗಿದ. ಅವನ ಕೈ ಶತ್ರುವಿನ ಕೂದಲನ್ನು ಹಿಡಿದೇ ಇತ್ತು ಎನ್ನುತ್ತಾರೆ. ಆಚೆ ಕಡೆ ಮೈಲ್ ಮೋರ್ಡಾ, ಸಿಗುರ್ಡ್ ಇಬ್ಬರೂ ಸತ್ತರು. ಹಿರಿಯ ರಾಜನ ಪಟ್ಟ ಮತ್ತೆ ಮ್ಯಾಲಕಿಗೆ ಹೋಯಿತು. ಸಿಟ್ರಿಕ್ ಡಬ್ಲಿನ್ನಿನಲ್ಲೇ ಉಳಿದು, ಮುಂದೆ ಅಲ್ಲಿನ ಕ್ರೈಸ್ಟ್ ಚರ್ಚ್ ಸ್ಥಾಪಿಸಿದ.

ಮತ್ತೆ ಓಡಿಸಿದ ಎಂಬ ಮಾತು ಎಲ್ಲಿಂದ ಬಂತು? ಬ್ರಿಯಾನನ ಉಳಿದ ಮಕ್ಕಳಲ್ಲಿ ಟೈಗ್‌ನನ್ನು 1023ರಲ್ಲಿ ಗೋರ್ಮ್ಲಾಳ ಮಗ ಡೊನಾಹನೇ ಕೊಲ್ಲಿಸಿದ. ಆದರೆ ಟೈಗ್‌ನ ಮಗ ಬೆಳೆದು ಚಿಕ್ಕಪ್ಪನನ್ನು ಕೆಳಗಿಳಿಸಿದ. ಡೊನಾಹ ಯಾತ್ರೆ ಹೋಗಿ 1064ರಲ್ಲಿ ರೋಮ್‌ನಲ್ಲಿ ಸತ್ತ. ಗೆದ್ದ ಶಾಖೆಯೇ ಓ ಬ್ರಿಯಾನ್ ಮನೆತನ. ಬ್ರಿಯಾನನ ಮರಿಮಗನ ಕಾಲದಲ್ಲಿ, 12ನೇ ಶತಮಾನದ ಶುರುವಿನಲ್ಲಿ, ಮುತ್ತಾತನನ್ನು ವಿದೇಶಿಯರಿಂದ ನಾಡನ್ನು ಬಿಡಿಸಿದ ವೀರನಾಗಿ ಕೊಂಡಾಡುವ ದೊಡ್ಡ ಗದ್ಯಕಥನ ತಯಾರಾಯಿತು. ಅಂಗಿಯ ಗುಂಡಿ, ಯೂ ಮರ, ಕೋಟೆಯ ಮೇಲಿನ ಸ್ಲಾನ್ಯಾ, ಎಲ್ಲವೂ ನಮಗೆ ಸಿಕ್ಕಿರುವುದು ಅದರಿಂದಲೇ.