ರೈಲು ವೇಗ ಪಡೆದರೆ ಸಾಂಬ್ರಾದಲ್ಲಿ ಉಳಿಯುವ ವಿಮಾನ ಯಾವುದು?

ಬೆಳಗಾವಿಯ ಚನ್ನಮ್ಮ ವೃತ್ತದಿಂದ ಸಾಂಬ್ರಾ ವಿಮಾನ ನಿಲ್ದಾಣ ಹತ್ತು ಕಿ.ಮೀ. ಆಸುಪಾಸು. ಬೆಂಗಳೂರಿಗೆ ಹಾರಾಟ ಸುಮಾರು ಒಂದೂಕಾಲು ಗಂಟೆ. ಆದರೆ ಲೆಕ್ಕ ಮನೆಬಾಗಿಲಿನಿಂದಲೇ ಶುರುವಾಗಬೇಕು. ಸಾಂಬ್ರಾ ಮುಟ್ಟಲು ಅರ್ಧ ಗಂಟೆ, ತಪಾಸಣೆಗೆಂದು ಮುಂಚೆ ಹೋಗಿ ಕೂರುವುದು ಒಂದೂಕಾಲು, ಇಳಿದು ಸಾಮಾನು ಪಡೆಯಲು ಕಾಲು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂವರೆ ಎಂದಿಟ್ಟುಕೊಳ್ಳಿ. ಹಾರಾಟವೂ ಸೇರಿ ನಾಲ್ಕೂ ಮುಕ್ಕಾಲು ಗಂಟೆ!

2025ರ ಆಗಸ್ಟ್‌ನಲ್ಲಿ ಶುರುವಾದ ವಂದೇ ಭಾರತ್ ಸುಮಾರು 610 ಕಿ.ಮೀ. ಹಾದಿಗೆ ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ಸರಾಸರಿ ಗಂಟೆಗೆ 72 ಕಿ.ಮೀ. ಎರಡೂ ತುದಿಯ ಆಟೋ ಓಡಾಟಕ್ಕೆ ಒಂದು ಗಂಟೆ ಕಳೆದರೆ, ವಿಮಾನಕ್ಕೆ ಸಮನಾಗಲು ರೈಲು ಮೂರೂ ಮುಕ್ಕಾಲು ಗಂಟೆಯಲ್ಲಿ ಮುಟ್ಟಬೇಕು. ಅಂದರೆ ಸರಾಸರಿ 163. ಹಳೇ ಹಳಿಯ ಮೇಲೆ ಇದು ಆಗದ ಮಾತು. ವೇಗ ಇಮ್ಮಡಿಯಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟು ಬೇಕು. ಖಾನಾಪುರ–ಲೋಂಡಾ ಕಾಡಿನ ತಿರುವುಗಳು ಅದಕ್ಕೆ ಒಗ್ಗುವುದಿಲ್ಲ. ಹೊಸ ಮಾರ್ಗವೇ ಬೇಕು. ಹೆಚ್ಚೂಕಡಿಮೆ ಇಷ್ಟೇ ದೂರದ ಮ್ಯಾಡ್ರಿಡ್–ಬಾರ್ಸಿಲೋನಾ ನಡುವೆ 2008ರಿಂದ ಅಂಥ ಮಾರ್ಗವಿದೆ, ವೇಗದ ರೈಲುಗಳು ಎರಡೂವರೆ ಗಂಟೆಯಲ್ಲಿ ಮುಟ್ಟಿಸುತ್ತವೆ.

ಹಾಗಾದಾಗ ಊರೊಳಗಿನ ವಿಮಾನ ನಿಲ್ದಾಣದ ಗತಿ? ತೈವಾನ್ ರಾಜಧಾನಿ ತೈಪೆಯ ಸೊಂಗ್‌ಶಾನ್ ವಿಮಾನ ನಿಲ್ದಾಣ ನಗರದ ನಡುವೆಯೇ ಇದೆ, ಬಾಗಿಲಿಗೇ ಮೆಟ್ರೋ. 2007ರಲ್ಲಿ ವೇಗದ ರೈಲು ಬಂತು. 2012ರ ಹೊತ್ತಿಗೆ ಅಲ್ಲಿಂದ ದಕ್ಷಿಣದ ಕಾವೋಸಿಯುಂಗ್ ನಗರಕ್ಕೆ ವಿಮಾನವೇ ಇಲ್ಲವಾಯಿತು. ಇಂಥ ಮಾರ್ಗ ಸಾಯುವ ಬಗೆ ಹೀಗೆ: ಜನ ತುಸು ಕಡಿಮೆಯಾದರೆ ದಿನದ ನಾಲ್ಕು ವಿಮಾನ ಎರಡಾಗುತ್ತವೆ, ಬೇಕಾದ ಹೊತ್ತಿಗೆ ವಿಮಾನ ಸಿಗದೆ ಉಳಿದವರೂ ರೈಲು ಹತ್ತುತ್ತಾರೆ. ಆದರೂ ಸೊಂಗ್‌ಶಾನ್ ಮುಚ್ಚಲಿಲ್ಲ. ರೈಲು ಹೋಗದ ದ್ವೀಪಗಳು, ಟೋಕಿಯೋ, ಶಾಂಘೈ ಅದನ್ನು ಕಾಯ್ದವು. ಜಪಾನಿನ ಫುಕುವೋಕಾದಲ್ಲೂ ಹಾಗೆಯೇ. ಜಪಾನಿನ ವೇಗದ ರೈಲು ಶಿಂಕಾನ್ಸೆನ್ ಅಲ್ಲಿಗೆ 1975ರಲ್ಲೇ ಬಂದಿದೆ, ಆದರೆ ಟೋಕಿಯೋಗೆ ಐದು ಗಂಟೆ. ಮುಖ್ಯ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋದಲ್ಲಿ ಐದೇ ನಿಮಿಷ, ಹಾಗಾಗಿ ಜನ ಹಾರುತ್ತಾರೆ.

ಸಾಂಬ್ರಾದಲ್ಲೂ ಮೊದಲ ಪೆಟ್ಟು ಬೆಂಗಳೂರು ವಿಮಾನಕ್ಕೇ. ದೆಹಲಿಯಂಥ ದೂರದ ಊರಿಗೆ ರೈಲು ಅಷ್ಟು ಬೇಗ ಪೈಪೋಟಿ ಕೊಡಲಾರದು. ಆದರೆ ರನ್‌ವೇ, ಅಗ್ನಿಶಾಮಕ ದಳ, ಸಂಚಾರ ನಿಯಂತ್ರಣದ ಖರ್ಚು ಎರಡು ವಿಮಾನಕ್ಕೂ ಇಪ್ಪತ್ತಕ್ಕೂ ಬಹುಪಾಲು ಅಷ್ಟೇ; ಬೆಂಗಳೂರಿನ ಪಾಲನ್ನೂ ಆಗ ಉಳಿದ ವಿಮಾನಗಳೇ ಹೊರಬೇಕು. ದೇವನಹಳ್ಳಿಯಲ್ಲಿ ಬೇರೆ ವಿಮಾನ ಹಿಡಿಯುವವರಿಗಂತೂ ಮೆಜೆಸ್ಟಿಕ್‌ನಲ್ಲಿ ಇಳಿಸುವ ರೈಲಿನಿಂದ ಉಪಯೋಗವಿಲ್ಲ, ಅವರು ಸಾಂಬ್ರಾಕ್ಕೇ ಬರುತ್ತಾರೆ. ಇನ್ನು, ಜಾಗ ಅಗ್ಗವೆಂದು ಹೊಸ ರೈಲು ನಿಲ್ದಾಣವನ್ನು ಊರಿನಿಂದ ಇಪ್ಪತ್ತು ಕಿ.ಮೀ. ಆಚೆ ಕಟ್ಟಿದರೆ, ಹೊಸ ಹಳಿಯಲ್ಲಿ ಗಳಿಸಿದ್ದರಲ್ಲಿ ಅರ್ಧ ಗಂಟೆ ರಸ್ತೆಯಲ್ಲೇ ಹೋಯಿತು.