ಒಂಬತ್ತು ಗುಂಪು, ಹದಿನೆಂಟು ದಿಕ್ಕು

ಸಣ್ಣ ಕಣಗಳ ಕ್ವಾಂಟಂ ಪಾಠ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ಅಳೆಯೋಕೆ ಮುಂಚೆನೇ ಉತ್ತರ ಇರುತ್ತೆ, ನಮಗೆ ಗೊತ್ತಿರಲ್ಲ ಅಷ್ಟೇ, ಅಲ್ವಾ?" ತುಂಬಾ ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ತತ್ವಶಾಸ್ತ್ರ ಬೇಕಿಲ್ಲ, ಸಮ-ಬೆಸ ಗೊತ್ತಿದ್ದರೆ ಸಾಕು.

1967ರಲ್ಲಿ ಸೈಮನ್ ಕೋಚೆನ್ ಮತ್ತು ಅರ್ನ್ಸ್ಟ್ ಸ್ಪೆಕರ್ ಇದನ್ನು ಗಣಿತದಲ್ಲೇ ಇತ್ಯರ್ಥ ಮಾಡಿದರು. ಅವರ ರುಜುವಾತಿಗೆ ಮೂರು ಆಯಾಮದ 117 ದಿಕ್ಕುಗಳು (ಒಂದೊಂದು ದಿಕ್ಕೂ ಅಳತೆಯಲ್ಲಿ ಕೇಳುವ ಒಂದು 'ಹೌದು-ಅಲ್ಲ' ಪ್ರಶ್ನೆ) ಬೇಕಾದವು. ಬೋರ್ಡ್ ಮೇಲೆ ಅದನ್ನು ಬಿಡಿಸುವುದು ಕಷ್ಟ. 1996ರಲ್ಲಿ ಅದಾನ್ ಕಾಬೆಯೋ ಮತ್ತು ಸಂಗಡಿಗರು ನಾಲ್ಕು ಆಯಾಮದಲ್ಲಿ 18 ದಿಕ್ಕುಗಳಲ್ಲೇ ಕೆಲಸ ಮುಗಿಸಿದರು. ಪಾಠಕ್ಕೆ ನಾನು ಇದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನಾಲ್ಕು ಆಯಾಮಕ್ಕೆ ಎರಡು ಕ್ಯೂಬಿಟ್ (ಎರಡು ಆಯಾಮದ ಅತಿ ಸರಳ ಕ್ವಾಂಟಂ ವ್ಯವಸ್ಥೆ) ಸಾಕು. ಒಂದಕ್ಕೊಂದು ಲಂಬವಾಗಿರುವ ನಾಲ್ಕು ದಿಕ್ಕು ಸೇರಿದರೆ ಒಂದು ಪೂರ್ತಿ ಅಳತೆ. ಅಳೆದಾಗ ಒಂದಕ್ಕೆ 'ಹೌದು', ಉಳಿದ ಮೂರಕ್ಕೂ 'ಅಲ್ಲ'. ಈ 18 ದಿಕ್ಕುಗಳಿಂದ ಇಂಥ 9 ಗುಂಪು ಕಟ್ಟಬಹುದು. ಪ್ರತಿ ದಿಕ್ಕೂ ಸರಿಯಾಗಿ ಎರಡು ಗುಂಪಿನಲ್ಲಿ ಬರುತ್ತದೆ.

ಈಗ ಪ್ರತಿ ದಿಕ್ಕಿಗೂ ಉತ್ತರ ಮೊದಲೇ ಇದೆ, ಯಾವ ಗುಂಪಿನಲ್ಲಿ ಅಳೆದರೂ ಅದು ಬದಲಾಗುವುದಿಲ್ಲ ಎಂದುಕೊಳ್ಳಿ. ಗುಂಪಿಗೊಂದರಂತೆ 'ಹೌದು' ಎಣಿಸಿದರೆ 9. ಬೆಸ ಸಂಖ್ಯೆ. ದಿಕ್ಕಿನಂತೆ ಎಣಿಸಿದರೆ ಪ್ರತಿ 'ಹೌದು' ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೊತ್ತ ಸಮ ಸಂಖ್ಯೆಯೇ ಆಗಬೇಕು. ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲ. ಇಷ್ಟೇ ರುಜುವಾತು! ಎಷ್ಟು ಸಲ ಬರೆದರೂ ನನಗೆ ಖುಷಿ ಕೊಡುತ್ತದೆ.

ಗುಂಪು ಬದಲಾದಾಗ ಉತ್ತರವೂ ಬದಲಾಗಬಹುದು ಎಂದು ಒಪ್ಪಿದರೆ ಈ ವಿರೋಧ ಉಳಿಯುವುದಿಲ್ಲ. ಭೌತವಿಜ್ಞಾನಿ ಡೇವಿಡ್ ಬೋಮ್ ಅವರ ಸಿದ್ಧಾಂತ ಹಿಡಿಯುವುದು ಆ ದಾರಿಯನ್ನೇ. ಹೀಗೆ ಜೊತೆಗೆ ಏನನ್ನು ಅಳೆಯುತ್ತೇವೆ ಎಂಬುದನ್ನು ಬಿಟ್ಟು ಉತ್ತರದ ಮಾತಾಡಲು ಆಗದಿರುವುದೇ ಕಾಂಟೆಕ್ಸ್ಚುಯಾಲಿಟಿ.

"ಅಳತೆ ಕಣವನ್ನು ಕದಡುತ್ತದೆ, ಅದಕ್ಕೇ ಹೀಗೆ" ಎಂದು ಕೆಲವರು ಸುಲಭವಾಗಿ ಮುಗಿಸಿಬಿಡುತ್ತಾರೆ. ಮೇಲಿನ ಲೆಕ್ಕದಲ್ಲಿ ಕದಡುವ ಮಾತೇ ಬಂದಿಲ್ಲ ನೋಡಿ. ಜಾಸ್ತಿ ಕಾಡುವ ಸಂಗತಿ ಬೇರೆ ಇದೆ. ಒಂದು ದಿಕ್ಕಿಗೆ 'ಹೌದು' ಬರುವ ಸಂಭವನೀಯತೆ ಎರಡೂ ಗುಂಪಿನಲ್ಲಿ ಒಂದೇ. ಸಂಭವನೀಯತೆಗೆ ಗುಂಪಿನ ಹಂಗಿಲ್ಲ, ಮೊದಲೇ ಇಟ್ಟ ಉತ್ತರಕ್ಕೆ ಮಾತ್ರ ಇದೆ. ವಿದ್ಯಾರ್ಥಿಗಳು ಇಲ್ಲಿ ನಿಂತು ಯೋಚಿಸಬೇಕು ಎಂದು ನನ್ನ ಆಸೆ.

ಒಂದೇ ಕ್ಯೂಬಿಟ್ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎರಡು ಆಯಾಮದಲ್ಲಿ ಪ್ರತಿ ದಿಕ್ಕಿಗೂ ಲಂಬವಾದ ಜೊತೆಗಾರ ಒಂದೇ ಒಂದು. ಹಾಗಾಗಿ ಯಾವ ದಿಕ್ಕೂ ಎರಡು ಗುಂಪಿಗೆ ಸೇರುವುದಿಲ್ಲ. ಕನಿಷ್ಠ ಮೂರು ಆಯಾಮ ಬೇಕೇ ಬೇಕು.